ಯಂತ್ರದೊಳಗಿನ ವಾದ್ಯಗಳು: ಹೊಸದಾಗಿ ಸ್ವರ ಕೂಡಿಸುವವರಿಗೊಂದು ಪಾಠ



ನಮ್ಮ ಶಾಲೆಯ ಸಂಗೀತದ ಕೋಣೆಯಲ್ಲಿರುವ ಹಳೆಯ ಹಾರ್ಮೋನಿಯಮ್ಮನ್ನು ನೀವೆಲ್ಲರೂ ಬಲ್ಲಿರಿ. ಅದರ ತಿದಿಯು ಎರಡು ಸಲ ಹರಿದು ಎರಡು ಸಲ ಹೊಲಿಸಲ್ಪಟ್ಟಿರುವದು. ಮಂದ್ರದ ಒಂದು ಸ್ವರವು ಯಾರೂ ಒತ್ತದಿದ್ದರೂ ತಾನಾಗಿ ಕೂಗುವದು. ಅದರ ಮಗ್ಗುಲಲ್ಲಿ ಈಗ ಒಂದು ಕಂಪ್ಯೂಟರೂ ಅದಕ್ಕೆ ಜೋಡಿಸಿದ ಒಂದು ಚಿಕ್ಕ ಕೀಬೋರ್ಡೂ ಇರುವವು. ಕೀಬೋರ್ಡಿಗೆ ಸ್ವಂತ ಧ್ವನಿಯೆಂಬುದು ಇಲ್ಲ. ಆದರೂ ಕಂಪ್ಯೂಟರಿನಲ್ಲಿ ಹೆಸರು ಬದಲಿಸಿದ ಹಾಗೆಲ್ಲ ಅದೇ ಕೀಲಿಗಳಿಂದ ಪಿಯಾನೋ, ಪಿಟೀಲು, ಕೊಳಲು, ತಬಲಾ ಎಲ್ಲವೂ ನುಡಿಯುವವು. ಇದನ್ನು ಕಂಡ ಹುಡುಗಿಯರಿಗೆ ತಾವೂ ಹಾಡು ಕಟ್ಟಬೇಕೆಂಬ ಆಸೆ ಹುಟ್ಟಿರುವದು ಸಹಜವೇ ಸರಿ. ಶಾಲೆ ಬಿಟ್ಟುಹೋದವರೂ ನನ್ನನ್ನು ಕೇಳುತ್ತಿರುವರು: “ಅಕ್ಕನವರೇ, ಕಂಪ್ಯೂಟರಿನಲ್ಲಿ ಯಾವ ವಾದ್ಯ ಹಾಕಿಸಿಕೊಳ್ಳಬೇಕು?” ತಂದೆತಾಯಿಗಳು ಕೇಳುವದು ಬೇರೆ: “ಇದಕ್ಕೆ ರೊಕ್ಕ ಹಾಕಬಹುದೋ, ಹಾಕಬಾರದೋ?” ಈ ಎರಡು ಪ್ರಶ್ನೆಗಳಿಗೂ ನನಗೆ ತಿಳಿದಮಟ್ಟಿಗೆ ಉತ್ತರ ಹೇಳುವದೇ ಈ ಲೇಖನದ ಉದ್ದೇಶವು. ನಾನು ಇದನ್ನು ಕಲಿತದ್ದು ಒಂದು ತಪ್ಪು ಮಾಡಿದ ತರುವಾಯ. ಆದಕಾರಣ ಆ ತಪ್ಪನ್ನೇ ಮೊದಲು ಹೇಳುವೆನು.

ನನ್ನ ತಪ್ಪು

ನಾಲ್ಕು ವರ್ಷಗಳ ಹಿಂದೆ ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿದ ಒಬ್ಬ ಹುಡುಗಿಯು ಕಾಲೇಜಿನ ರಜೆಯಲ್ಲಿ ನನ್ನ ಬಳಿಗೆ ಬಂದಳು. ಕಕ್ಕೇರಾದ ಆಚೆಯ ಒಂದು ಹಳ್ಳಿ ಆಕೆಯದು. ಶಾಲೆಯ ವಾರ್ಷಿಕೋತ್ಸವಕ್ಕೆ ತಾನೊಂದು ಹಾಡು ಕಟ್ಟಿ ಕೊಡುವೆನೆಂದೂ, ಅದಕ್ಕಾಗಿ ಕಂಪ್ಯೂಟರಿನ ವಾದ್ಯಗಳನ್ನು ಕೊಳ್ಳಬೇಕೆಂದಿರುವೆನೆಂದೂ ಹೇಳಿ, ಯಾವುದನ್ನು ಕೊಳ್ಳಲೆಂದು ಕೇಳಿದಳು. ನನಗೆ ಆ ವಿಷಯದಲ್ಲಿ ಏನೊಂದೂ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳುವದಕ್ಕೆ ಮುಖ್ಯೋಪಾಧ್ಯಾಯಿನಿಯ ಕುರ್ಚಿ ಅಡ್ಡ ಬಂತು. “ಕೊಳ್ಳುವದಾದರೆ ದೊಡ್ಡದನ್ನೇ ಕೊಳ್ಳಮ್ಮ, ಸಣ್ಣದು ಎಂದಿದ್ದರೂ ಸಣ್ಣದೇ” ಅಂದುಬಿಟ್ಟೆನು.

ಆಕೆಯ ತಂದೆ ಹತ್ತಿ ಮಾರಿದ ಹಣದಲ್ಲಿ ಒಂದು ಭಾಗವನ್ನು ತೆಗೆದುಕೊಟ್ಟನು. ಹುಡುಗಿಯು ನೂರು ಮಂದಿ ವಾದ್ಯಗಾರರ ಪಾಶ್ಚಾತ್ಯ ವಾದ್ಯಮೇಳದ ಒಂದು ದೊಡ್ಡ ಸಂಗ್ರಹವನ್ನು ಕೊಂಡಳು. ಅದನ್ನು ಇಳಿಸಿಕೊಳ್ಳುವದಕ್ಕೆ ಆಕೆಯ ಲ್ಯಾಪ್‌ಟಾಪಿನಲ್ಲಿ ಸ್ಥಳವೇ ಇರಲಿಲ್ಲ. ಹೇಗೋ ಅರ್ಧ ಇಳಿಸಿದರೆ, 4 ಗಿಗಾಬೈಟು ಮೆಮರಿಯ ಆ ಯಂತ್ರವು ಎರಡು ವಾದ್ಯಗಳನ್ನು ತೆರೆಯುತ್ತಲೇ ಉಸಿರು ಕಟ್ಟಿದಂತೆ ನಿಂತುಬಿಡುವದು. ಒಮ್ಮೆ ಕೊಂಡ ಸಂಗ್ರಹವನ್ನು ಮರಳಿಸುವ ಮಾರ್ಗವಿರಲಿಲ್ಲ. ಎರಡು ತಿಂಗಳು ಆಕೆ ಮನೆಯಲ್ಲಿ ಯಾರಿಗೂ ಹೇಳದೆ ಇದ್ದಳು. ಕಡೆಗೊಂದು ದಿನ ಆಕೆಯ ತಂದೆಯೇ ಶಾಲೆಗೆ ಬಂದನು. ಸಿಟ್ಟು ಮಾಡಲಿಲ್ಲ. “ಅಕ್ಕನವರೇ, ನಿಮ್ಮ ಮಾತಿನ ಮೇಲೆ ರೊಕ್ಕ ಕೊಟ್ಟೆನು. ಆ ವಾದ್ಯ ಎಲ್ಲಿ ಐತಿ, ಒಮ್ಮೆ ತೋರಿಸಿರಿ” ಅಂದನು. ತೋರಿಸುವದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಅಂದಿನಿಂದ ನಾನು ಈ ವಿಷಯವನ್ನು ವಿದ್ಯಾರ್ಥಿನಿಯಂತೆ ಕಲಿಯತೊಡಗಿದೆನು.

ಈ ವಾದ್ಯಗಳು ಏನು?

ವರ್ಚುವಲ್ ಇನ್‌ಸ್ಟ್ರುಮೆಂಟ್ ಎಂದರೆ ಮರ, ತಂತಿ, ಚರ್ಮಗಳಿಲ್ಲದೆ ಲೆಕ್ಕದ ಬಲದಿಂದ ನುಡಿಯುವ ವಾದ್ಯವು. ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಮೊದಲನೆಯದು, ನಿಜವಾದ ವಾದ್ಯವನ್ನು ನಿಜವಾದ ವಾದ್ಯಗಾರನು ನುಡಿಸಿದಾಗ ಸ್ವರಸ್ವರವಾಗಿ ಧ್ವನಿಮುದ್ರಿಸಿ ಕೂಡಿಟ್ಟದ್ದು. ಇದಕ್ಕೆ ಸ್ಯಾಂಪಲ್ ಲೈಬ್ರರಿ ಎನ್ನುವರು. ಎರಡನೆಯದು ಸಿಂಥಸೈಜರು, ಇದರಲ್ಲಿ ಧ್ವನಿಯ ಅಲೆಯನ್ನೇ ಯಂತ್ರವು ಹೊಸದಾಗಿ ಹುಟ್ಟಿಸುವದು. ಮೂರನೆಯದು, ತಂತಿಯು ಹೇಗೆ ಕಂಪಿಸುವದು, ಮರದ ಹಲಗೆಯು ಹೇಗೆ ಮರುದನಿ ಕೊಡುವದು ಎಂಬ ಭೌತಶಾಸ್ತ್ರವನ್ನೇ ಲೆಕ್ಕಕ್ಕಿಳಿಸಿ ನುಡಿಸುವ ವಾದ್ಯವು. ಪಿಯಾನೋಟೆಕ್ ಎಂಬ ಪಿಯಾನೋ ಈ ಬಗೆಯದು. ಮೊದಲನೆಯ ಬಗೆಗೆ ಬಹಳ ಸ್ಥಳ ಬೇಕು. ಉಳಿದೆರಡು ಬಗೆಗಳಿಗೆ ಸ್ಥಳವು ಸ್ವಲ್ಪ ಸಾಕು, ಆದರೆ ಲೆಕ್ಕ ಮಾಡುವ ಶಕ್ತಿ ಹೆಚ್ಚು ಬೇಕು.

ಈ ವಿದ್ಯೆಯು ಒಂದೇ ದಿನದಲ್ಲಿ ಬಂದದ್ದಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೊಟ್ರಾನಿನಲ್ಲಿ ಪ್ರತಿ ಕೀಲಿಯ ಕೆಳಗೂ ಧ್ವನಿ ತುಂಬಿದ ಒಂದೊಂದು ಟೇಪಿನ ಪಟ್ಟಿ ಇರುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್ ಎಂಬ ಯಂತ್ರವು ಟೇಪನ್ನು ಬಿಟ್ಟು ಧ್ವನಿಯನ್ನು ಅಂಕೆಗಳಾಗಿ ಇಟ್ಟುಕೊಂಡಿತು. 1983ರಲ್ಲಿ ಬಂದ ಮಿಡಿ ಎಂಬ ಸಂಕೇತ ಪದ್ಧತಿಯಿಂದ ಒಂದು ಕಂಪನಿಯ ಕೀಬೋರ್ಡು ಮತ್ತೊಂದು ಕಂಪನಿಯ ಯಂತ್ರದೊಡನೆ ಮಾತನಾಡುವಂತಾಯಿತು. 1999ರ ಸುಮಾರಿಗೆ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯ ವಿ.ಎಸ್.ಟಿ. ಪದ್ಧತಿಯ ಮೂಲಕ ವಾದ್ಯಗಳು ಮನೆಯ ಕಂಪ್ಯೂಟರಿನೊಳಗೇ ಬಂದು ಕುಳಿತವು.

ನಮ್ಮ ನಾಡಿನಲ್ಲಿಯೂ ಇದರ ಒಂದು ಹೆಜ್ಜೆಯುಂಟು. ಬೆಂಗಳೂರಿನ ಕೊಳಲು ವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು ಎಪ್ಪತ್ತರ ದಶಕದಲ್ಲಿ ಶ್ರುತಿಗಾಗಿ ವಿದ್ಯುತ್ ಯಂತ್ರಗಳನ್ನು ಕಟ್ಟತೊಡಗಿ, ರಾಡೆಲ್ ಎಂಬ ಹೆಸರಿನಿಂದ ಎಲೆಕ್ಟ್ರಾನಿಕ್ ತಂಬೂರಿ, ತಬಲಾಗಳನ್ನು ಮನೆಮನೆಗೆ ತಲಪಿಸಿದರು. ತಂಬೂರಿ ಹಿಡಿಯುವ ಶಿಷ್ಯರಿಲ್ಲದ ಹಳ್ಳಿಯ ಹುಡುಗಿಯೂ ಶ್ರುತಿಗೆ ಸೇರಿ ಹಾಡಲು ಕಲಿತದ್ದು ಇಂಥ ಪೆಟ್ಟಿಗೆಗಳಿಂದಲೇ. ಆದುದರಿಂದ ಯಂತ್ರದ ವಾದ್ಯವೆಂದು ಮೂಗು ಮುರಿಯುವದು ಸಲ್ಲದು. ಅದರಿಂದ ಏನಾಗುವದು, ಏನಾಗದು ಎಂದು ತಿಳಿಯುವದೇ ಜಾಣತನವು.

ಗಾತ್ರದ ಲೆಕ್ಕ

ಸಂಗ್ರಹಗಳು ಅಷ್ಟು ದೊಡ್ಡವಾಗಿರುವದು ಏತಕ್ಕೆಂದು ಒಂದು ಲೆಕ್ಕದಿಂದ ತಿಳಿಯೋಣ. ಪಿಯಾನೋಕ್ಕೆ 88 ಕೀಲಿಗಳು. ಒಂದೇ ಕೀಲಿಯನ್ನು ಮೆಲ್ಲಗೆ ಒತ್ತಿದರೆ ಒಂದು ಬಣ್ಣ, ಬಲವಾಗಿ ಒತ್ತಿದರೆ ಮತ್ತೊಂದು ಬಣ್ಣ. ಅದಕ್ಕಾಗಿ ಪ್ರತಿ ಕೀಲಿಯನ್ನು 8 ಬಲಗಳಲ್ಲಿ, ಒಂದೊಂದು ಸಲ 10 ಸೆಕೆಂಡು ಮುದ್ರಿಸಿದೆವೆಂದು ತಿಳಿಯಿರಿ. 88ನ್ನು 8ರಿಂದಲೂ 10ರಿಂದಲೂ ಗುಣಿಸಿದರೆ 7,040 ಸೆಕೆಂಡುಗಳಾಗುವವು. ಉತ್ತಮ ದರ್ಜೆಯ ಧ್ವನಿಯು ಸೆಕೆಂಡಿಗೆ 48,000 ಅಳತೆಗಳು, ಒಂದೊಂದಕ್ಕೆ 3 ಬೈಟು, ಎಡಬಲ ಎರಡು ಕಿವಿಗಳಿಗೆ ಎರಡು ಸಾಲು, ಹೀಗೆ ಸೆಕೆಂಡಿಗೆ 2,88,000 ಬೈಟು ತೆಗೆದುಕೊಳ್ಳುವದು. ಒಟ್ಟಿಗೆ ಸುಮಾರು 2 ಗಿಗಾಬೈಟು ಆಯಿತು. ಇದು ಒಂದೇ ವಾದ್ಯ, ಒಂದೇ ಮೈಕು. ನಾಲ್ಕು ಮೈಕುಗಳಿಟ್ಟರೆ 8 ಗಿಗಾಬೈಟು. ವಾದ್ಯಮೇಳದಲ್ಲಿರುವ ಅನೇಕ ವಾದ್ಯಗಳಿಗೆ, ಎಳೆದು ನುಡಿಸುವದು, ಕಡಿದು ನುಡಿಸುವದು, ಬೆರಳಿನಿಂದ ಮೀಟುವದು ಎಂಬ ಭೇದಗಳನ್ನೂ ಸೇರಿಸಿದರೆ ನಮ್ಮ ಹುಡುಗಿಯ ಲ್ಯಾಪ್‌ಟಾಪು ಏತಕ್ಕೆ ನಿಂತುಹೋಯಿತೆಂದು ಏಳನೆಯ ತರಗತಿಯವಳೂ ಹೇಳಬಲ್ಲಳು. ಈ ಗುಣಾಕಾರವನ್ನು ನಾನು ಮೊದಲೇ ಮಾಡಿದ್ದರೆ ಒಬ್ಬ ರೈತನ ಹಣ ಉಳಿಯುತ್ತಿತ್ತು.

ಆರಿಸುವ ಕ್ರಮ

ಮೊದಲನೆಯದಾಗಿ, ವಾದ್ಯಕ್ಕಿಂತ ಮುಂಚೆ ಹಾಡು ಇರಬೇಕು. ಹಾಡನ್ನು ಬಾಯಿಂದ ಗುನುಗಿರಿ, ಹಾರ್ಮೋನಿಯಮ್ಮಿನಲ್ಲಿ ಹುಡುಕಿರಿ, ಸ್ವರಗಳನ್ನು ಬರೆದಿಡಿರಿ. ಈ ಹಾಡಿಗೆ ಯಾವ ಯಾವ ದನಿಗಳು ಬೇಕೆಂದು ಒಂದು ಕಾಗದದಲ್ಲಿ ಬರೆಯಿರಿ. ಹೊಸಬರ ಹಾಡಿಗೆ ಐದಕ್ಕಿಂತ ಹೆಚ್ಚು ದನಿಗಳು ಬೇಕಾಗುವದು ಅಪರೂಪವು. ಮದುವೆಯ ಅಡಿಗೆಗೆ ಎಂದು ತಂದ ಹಂಡೆಯಲ್ಲಿ ಇಬ್ಬರಿಗೆ ಅನ್ನ ಮಾಡಿದರೆ ತಳ ಹತ್ತುವದೇ ಹೊರತು ರುಚಿ ಹೆಚ್ಚಾಗದು.

ಎರಡನೆಯದಾಗಿ, ಯಂತ್ರದ ಶಕ್ತಿಯನ್ನು ನೋಡಿಕೊಳ್ಳಿರಿ. ಮೆಮರಿ ಎಷ್ಟು, ಡಿಸ್ಕಿನಲ್ಲಿ ಖಾಲಿ ಸ್ಥಳ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಂಡು, ಸಂಗ್ರಹದವರು ಕೇಳುವ ಸಂಖ್ಯೆಗಳೊಡನೆ ಹೋಲಿಸಿರಿ. 4 ಗಿಗಾಬೈಟು ಮೆಮರಿಯಿದ್ದರೆ ಚಿಕ್ಕ ವಾದ್ಯಗಳಿಂದಲೇ ತೃಪ್ತರಾಗಬೇಕು. 8 ಇದ್ದರೆ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಕೀಲಿ ಒತ್ತಿದ ಮೇಲೆ ಧ್ವನಿಯು ತಡವಾಗಿ ಬರುವದಾದರೆ ಅದು ವಾದ್ಯದ ದೋಷವೇ ಆಗಿರಬೇಕೆಂದಿಲ್ಲ. ಕಂಪ್ಯೂಟರು ಧ್ವನಿಯನ್ನು ಕಂತುಕಂತಾಗಿ ಕಳುಹಿಸುವದು. ಕಂತು 1,024 ಅಳತೆಗಳದ್ದಾದರೆ ಸುಮಾರು 21 ಮಿಲಿಸೆಕೆಂಡು ತಡ. 256ಕ್ಕೆ ಇಳಿಸಿದರೆ 5 ಮಿಲಿಸೆಕೆಂಡು ಮಾತ್ರ. ನುಡಿಸುವಾಗ ಕಂತನ್ನು ಚಿಕ್ಕದು ಮಾಡಿರಿ, ಕೂಡಿಸಿ ಕೇಳುವಾಗ ದೊಡ್ಡದು ಮಾಡಿರಿ.

ಮೂರನೆಯದಾಗಿ, ಹಣ ಕೊಡದೆ ದೊರಕುವವುಗಳನ್ನು ಮೊದಲು ಪೂರ್ಣವಾಗಿ ಬಳಸಿರಿ. ಸಾಲಮಾಂಡರ್ ಎಂಬ ಪಿಯಾನೋ ಸಂಗ್ರಹವು ಯಮಹಾ ಪಿಯಾನೋವೊಂದನ್ನು 16 ಬಲಗಳಲ್ಲಿ ಮುದ್ರಿಸಿದ್ದು; ಅದು ಧರ್ಮಾರ್ಥವಾಗಿ ದೊರಕುವದು. ಸ್ಪಿಟ್‌ಫೈರ್ ಸಂಸ್ಥೆಯ ಲ್ಯಾಬ್ಸ್ ಎಂಬ ಮಾಲೆಯಲ್ಲಿ ಮೃದುವಾದ ಪಿಯಾನೋ, ತಂತಿವಾದ್ಯಗಳು ಉಂಟು, ಅವರದೇ ಬಿ.ಬಿ.ಸಿ. ವಾದ್ಯಮೇಳದ ಡಿಸ್ಕವರ್ ಎಂಬ ಚಿಕ್ಕ ಆವೃತ್ತಿಯು ಇಡೀ ಮೇಳವನ್ನು ಕೆಲವೇ ನೂರು ಮೆಗಾಬೈಟುಗಳಲ್ಲಿ ಕೊಡುವದು. ಸರ್ಜ್ ಎಕ್ಸ್‌ಟಿ, ವೈಟಲ್ ಎಂಬವು ಉತ್ತಮ ಸಿಂಥಸೈಜರುಗಳು. ಸ್ವರಲಿಪಿ ಬಲ್ಲವರು ಮ್ಯೂಸ್‌ಸ್ಕೋರಿನಲ್ಲಿ ಬರೆದು ಕೇಳಬಹುದು. ಕಂಪ್ಯೂಟರು ಇಲ್ಲದವರಿಗೆ ಮೊಬೈಲಿನಲ್ಲಿಯೇ ನಡೆಯುವ ಬ್ಯಾಂಡ್‌ಲ್ಯಾಬ್ ಉಂಟು. ಇವುಗಳಿಂದ ಹತ್ತು ಹಾಡುಗಳನ್ನು ಮುಗಿಸಿದ ಮೇಲೆ, ಇದು ಸಾಲದು ಎಂದು ನಿಮ್ಮ ಕಿವಿಯೇ ಹೇಳಿದಾಗ ಹಣದ ಮಾತು ಎತ್ತಿರಿ. ಜಾಹೀರಾತಿನಲ್ಲಿ ಕೇಳುವ ಸಂಗೀತವು ಸಂಗ್ರಹದ ಗುಣವನ್ನಷ್ಟೇ ಅಲ್ಲ, ಅದನ್ನು ಬಳಸಿದ ಕುಶಲನ ಇಪ್ಪತ್ತು ವರ್ಷಗಳ ಸಾಧನೆಯನ್ನೂ ತೋರಿಸುವದೆಂಬುದನ್ನು ಮರೆಯಬಾರದು.

ನಾಲ್ಕನೆಯದಾಗಿ, ಕೊಳ್ಳುವ ಮುಂಚೆ ಸಣ್ಣ ಅಕ್ಷರಗಳನ್ನು ಓದಿರಿ. ಎಷ್ಟೋ ಸಂಗ್ರಹಗಳು ಕೊಂಟಾಕ್ಟ್ ಎಂಬ ತಂತ್ರಾಂಶದೊಳಗೆ ಮಾತ್ರ ನಡೆಯುವವು. ಅದರಲ್ಲಿ ಉಚಿತವಾದ ಪ್ಲೇಯರ್ ಒಂದು, ಹಣ ಕೊಟ್ಟು ಕೊಳ್ಳುವ ಪೂರ್ಣ ಕೊಂಟಾಕ್ಟ್ ಮತ್ತೊಂದು. ಪೂರ್ಣ ಕೊಂಟಾಕ್ಟಿಗೆಂದು ಮಾಡಿದ ಸಂಗ್ರಹವನ್ನು ಉಚಿತ ಪ್ಲೇಯರಿನಲ್ಲಿ ತೆರೆದರೆ 15 ನಿಮಿಷ ನುಡಿದು ಸುಮ್ಮನಾಗುವದು. ಅಗ್ಗವಾಯಿತೆಂದು ಸಂಗ್ರಹ ಕೊಂಡವರು ಅದರ ಹತ್ತರಷ್ಟು ಬೆಲೆಯ ತಂತ್ರಾಂಶಕ್ಕೆ ಸಾಲ ಮಾಡುವಂತಾಗಬಾರದು.

ಐದನೆಯದಾಗಿ, ಕದ್ದ ಪ್ರತಿಯನ್ನು ಮುಟ್ಟಬೇಡಿರಿ. ಪೆನ್‌ಡ್ರೈವಿನಲ್ಲಿ ಸಾವಿರಾರು ರೂಪಾಯಿಗಳ ವಾದ್ಯಗಳನ್ನು ನೂರು ರೂಪಾಯಿಗೆ ತುಂಬಿಸಿಕೊಡುವವರು ಎಲ್ಲ ಊರುಗಳಲ್ಲಿಯೂ ಇರುವರು. ಅದರೊಡನೆ ಕಂಪ್ಯೂಟರಿನ ರೋಗಗಳೂ ಒಳಗೆ ಬರುವವು. ಅದಕ್ಕಿಂತ ಮುಖ್ಯವಾಗಿ, ಅದು 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ಅಪರಾಧವು. ತಾನು ಕಟ್ಟಿದ ಹಾಡನ್ನು ಬೇರೆಯವರು ಕದಿಯಬಾರದೆಂದು ಬಯಸುವವಳು ಬೇರೆಯವರ ದುಡಿಮೆಯನ್ನು ಕದ್ದು ಹಾಡು ಕಟ್ಟುವದು ಹೇಗೆ? ನ್ಯಾಯವಾಗಿ ಕೊಂಡದ್ದಕ್ಕೂ ಮಿತಿಯುಂಟು. ಅದರಿಂದ ಹಾಡು ಮಾಡಿ ಹೊರಡಿಸಬಹುದು. ಸಂಗ್ರಹವನ್ನೇ ಗೆಳತಿಗೆ ಹಂಚಲು ಸಾಮಾನ್ಯವಾಗಿ ಅಪ್ಪಣೆ ಇರದು.

ನಮ್ಮ ಸಂಗೀತವೂ ಹನ್ನೆರಡು ಕೀಲಿಗಳೂ

ನಮ್ಮವರಿಗೆ ಮತ್ತೊಂದು ತೊಡಕುಂಟು. ಕೀಬೋರ್ಡು ಒಂದು ಸಪ್ತಕವನ್ನು ಸಮನಾದ 12 ಭಾಗ ಮಾಡಿರುವದು. ಸಪ್ತಕವನ್ನು 1,200 ಸೆಂಟುಗಳೆಂದು ಎಣಿಸಿದರೆ ಕೀಬೋರ್ಡಿನ ಶುದ್ಧ ಗಾಂಧಾರವು ಷಡ್ಜದಿಂದ 400 ಸೆಂಟುಗಳ ದೂರದಲ್ಲಿ ಇರುವದು. ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಗಾಂಧಾರವು ಸುಮಾರು 386ರಲ್ಲಿಯೇ ನಿಲ್ಲುವದು. ಅಲ್ಲದೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು, ಅಲುಗುವ ಗಮಕ ಇವು ಕೀಲಿಗೆ ಸಿಕ್ಕುವವಲ್ಲ. ಈ ಕಾರಣದಿಂದಲೇ ಹಾರ್ಮೋನಿಯಮ್ಮಿನ ಮೇಲೆ ದೊಡ್ಡ ವಾದವೆದ್ದು, 1940ರಲ್ಲಿ ಆಕಾಶವಾಣಿಯು ಅದನ್ನು ದೂರವಿಟ್ಟಿತು. 1971ರ ವರೆಗೆ ಆ ನಿಷೇಧವು ಸಡಿಲಲಿಲ್ಲ. ಅಷ್ಟರಲ್ಲಿ ನಮ್ಮ ಭಜನೆಯ ಕಟ್ಟೆ, ನಾಟಕದ ಮೇಳ, ಆರಾಧನೆಯ ಹಾಡು ಎಲ್ಲೆಡೆಯಲ್ಲಿಯೂ ಅದು ಮನೆಯ ಮಗಳಾಗಿಬಿಟ್ಟಿತ್ತು. ಕುಂದಿದ್ದರೂ ಬಿಡದೆ, ಕುಂದನ್ನು ಅರಿತು ಬಳಸುವದನ್ನು ನಮ್ಮ ಹಿರಿಯರು ಕಲಿತರು. ಯಂತ್ರದ ವಾದ್ಯಗಳ ವಿಷಯದಲ್ಲಿಯೂ ಅದೇ ಬುದ್ಧಿ ನಮಗೆ ಬೇಕು.

ಆದಕಾರಣ ವಾದ್ಯವನ್ನು ಆರಿಸುವಾಗ ಮೂರು ಸಂಗತಿಗಳನ್ನು ಪರೀಕ್ಷಿಸಿರಿ. ಶ್ರುತಿಯನ್ನು ಸೆಂಟುಗಳಲ್ಲಿ ತಿದ್ದಲು ಬರುವದೋ? ಸರ್ಜ್ ಎಕ್ಸ್‌ಟಿಯಲ್ಲಿ ಬೇಕಾದ ಸ್ವರಕ್ರಮವನ್ನೇ ಕೂಡಿಸಬಹುದು. ಬೆಂಡ್ ಎಂಬ ಚಕ್ರವು ಎಷ್ಟು ಸ್ವರಗಳ ವರೆಗೆ ಜಾರಿಸುವದು? ಸಾಮಾನ್ಯವಾಗಿ ಅದು ಮೇಲಕ್ಕೂ ಕೆಳಕ್ಕೂ ಎರಡೆರಡು ಕೀಲಿಗಳಷ್ಟೇ ಜಾರುವದು. ದೊಡ್ಡ ಮೀಂಡಿಗೆ ಅದನ್ನು ಹೆಚ್ಚಿಸಬೇಕು. ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತಿದರೆ ಅದೇ ಮುದ್ರಣವು ಮರಳಿ ಬರುವದೋ, ಬೇರೆ ಬೇರೆ ಮುದ್ರಣಗಳು ಸರತಿಯಲ್ಲಿ ಬರುವವೋ? ಸರತಿಯಿಲ್ಲದ ತಬಲಾವು ಹೊಲಿಗೆಯ ಯಂತ್ರದಂತೆ ಬಡಿದುಕೊಳ್ಳುವದು. ಸ್ವಿಟ್ಜರ್ಲೆಂಡಿನ ಸ್ವರ್ ಸಿಸ್ಟಮ್ಸ್ ಮೊದಲಾದವರು ನಮ್ಮ ಶಾಸ್ತ್ರೀಯ ವಾದ್ಯಗಳಿಗಾಗಿಯೇ ಸಂಗ್ರಹಗಳನ್ನು ಮಾಡಿರುವರು. ಆದರೆ ಎಷ್ಟೇ ಒಳ್ಳೆಯ ಸಂಗ್ರಹವಾದರೂ ಮನುಷ್ಯ ಕಂಠದ ಮೀಂಡಿಗೆ ಸಮನಾಗದು. ಆದ್ದರಿಂದ ಮುಖ್ಯ ಸ್ವರವನ್ನು ಹಾಡುವವಳಿಗೇ ಬಿಡಿರಿ.

ಯಾರ ಸಂಗ್ರಹದಲ್ಲಿಯೂ ಇಲ್ಲದ ದನಿ

ಇನ್ನು ನಮ್ಮ ಹುಡುಗಿಯ ಕಥೆಯನ್ನು ಮುಗಿಸುವೆನು. ಆಕೆಯ ಹಾಡು ಮಳೆಗೆ ಕಾದ ಊರಿನ ಹಾಡು. ಉಚಿತ ವಾದ್ಯಗಳನ್ನು ಕೂಡಿಸಿ ನಾವಿಬ್ಬರೂ ಸೇರಿ ಅದನ್ನು ಕಟ್ಟತೊಡಗಿದೆವು. ತಾಳದ ಭಾಗವು ಮಾತ್ರ ಕೂಡಿಬರಲಿಲ್ಲ. ಭಾರತೀಯ ಚರ್ಮವಾದ್ಯಗಳೆಂದು ಹೆಸರಿಟ್ಟ ಹತ್ತಾರು ದನಿಗಳನ್ನು ಹಾಕಿ ನೋಡಿದೆವು. ಆಕೆ ಒಂದೊಂದಕ್ಕೂ ತಲೆಯಾಡಿಸಿ ಬೇಡವೆಂದಳು. ಹಾಗಾದರೆ ನಿನಗೆ ಬೇಕಾದದ್ದು ಯಾವುದು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಬಾಗಿಲ ಕಡೆ ನೋಡಿ, ಮೆಲ್ಲಗೆ “ನಮ್ಮ ಅಜ್ಜನ ಹಲಗಿ ಹಂಗ ಯಾವುದೂ ಇಲ್ಲರೀ” ಅಂದಳು. ಐದು ವರ್ಷ ನಮ್ಮ ಶಾಲೆಯಲ್ಲಿ ಓದಿದ ಆಕೆಯ ಬಾಯಿಂದ, ತನ್ನ ಮನೆಯಲ್ಲಿ ಹಲಗೆ ಇರುವದೆಂಬ ಮಾತನ್ನು ನಾನು ಅಂದೇ ಮೊದಲು ಕೇಳಿದ್ದು. ಆ ವಾದ್ಯವನ್ನು ಬಾರಿಸುವವರನ್ನು ಊರು ಎಲ್ಲಿ ನಿಲ್ಲಿಸುತ್ತಿತ್ತೆಂಬುದು ನಮಗೆಲ್ಲರಿಗೂ ಗೊತ್ತು. ಹಬ್ಬಕ್ಕೆ, ಹೆಣಕ್ಕೆ, ಡಂಗುರಕ್ಕೆ ಅದು ಬೇಕು. ಬಾರಿಸಿದವನು ಮಾತ್ರ ಕಟ್ಟೆಯ ಕೆಳಗೆ. ಮಗುವು ಅದನ್ನು ಮುಚ್ಚಿಟ್ಟದ್ದು ಆಕೆಯ ತಪ್ಪಲ್ಲ. ಮುಚ್ಚಿಡುವಂತೆ ನಮ್ಮ ತರಗತಿಗಳು ಇದ್ದವಲ್ಲಾ ಎಂದು ನನಗೆ ದುಃಖವಾಯಿತು.

ಮರುವಾರ ನಾವು ಆಕೆಯ ಊರಿಗೆ ಹೋದೆವು. ಅಜ್ಜನು ಮೂಲೆಯಲ್ಲಿ ತೂಗುಹಾಕಿದ್ದ ಹಲಗೆಯನ್ನು ಇಳಿಸಿ, ಹತ್ತಿಯ ಕಟ್ಟಿಗೆಯ ಉರಿಗೆ ಹಿಡಿದು ಕಾಸಿದನು. ಕಾದ ಚರ್ಮವು ಬಿಗಿದು ದನಿ ಏರತೊಡಗಿತು. ಒಂದು ಕೈಯಲ್ಲಿ ದಪ್ಪ ಕೋಲು, ಮತ್ತೊಂದರಲ್ಲಿ ತೆಳ್ಳನೆಯ ಕಡ್ಡಿ. ನಾವು ಮೊಬೈಲನ್ನು ಮೂರು ಮೊಳ ದೂರದಲ್ಲಿಟ್ಟು ಹೀಗೆ ಮುದ್ರಿಸಿದೆವು: ನಡುವಿನ ಪೆಟ್ಟು, ಅಂಚಿನ ಪೆಟ್ಟು, ಕಡ್ಡಿಯ ಪೆಟ್ಟು ಎಂದು ಮೂರು ಬಗೆ; ಒಂದೊಂದನ್ನು ನಾಲ್ಕು ಬಲಗಳಲ್ಲಿ; ಒಂದೊಂದು ಬಲವನ್ನು ನಾಲ್ಕು ಸಲ. ಒಟ್ಟು 48 ಪೆಟ್ಟುಗಳು. ಪ್ರತಿ ಪೆಟ್ಟಿನ ದನಿಯು ಪೂರ್ಣವಾಗಿ ಅಡಗುವ ವರೆಗೆ ಮನೆಯವರೆಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಕೋಳಿ ಕೂಗಿದ್ದರಿಂದ ಏಳು ಪೆಟ್ಟುಗಳನ್ನು ಮತ್ತೆ ಹೊಡೆಸಬೇಕಾಯಿತು. ನಡುವೆ ಚರ್ಮವು ತಣ್ಣಗಾದಾಗ ಅಜ್ಜನು ತಾನಾಗಿಯೇ ನಿಲ್ಲಿಸಿ ಮತ್ತೆ ಕಾಸಿದನು. ಅದರ ಶ್ರುತಿ ಎಲ್ಲಿರಬೇಕೆಂದು ಆತನ ಕಿವಿಗೆ ಯಾವ ಯಂತ್ರವೂ ಹೇಳಿಕೊಡಬೇಕಾಗಿರಲಿಲ್ಲ.

ಆ ತುಣುಕುಗಳನ್ನು ಹುಡುಗಿಯು ಕತ್ತರಿಸಿ, ಡೀಸೆಂಟ್ ಸ್ಯಾಂಪ್ಲರ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿ, ಕೀಬೋರ್ಡಿನಲ್ಲಿ ನುಡಿಯುವಂತೆ ಮಾಡಿದಳು. ಗಾತ್ರವು ಒಂದು ಛಾಯಾಚಿತ್ರದ ಆಲ್ಬಮ್ಮಿಗಿಂತ ಕಡಿಮೆ. ಅವಳ 4 ಗಿಗಾಬೈಟಿನ ಲ್ಯಾಪ್‌ಟಾಪು ಅದನ್ನು ಸುಖವಾಗಿ ನಡಿಸಿತು. ವಾರ್ಷಿಕೋತ್ಸವದ ದಿವಸ ಹಾಡಿಗೆ ಮುಂಚೆ ಆಕೆ ತಾನೇ ವೇದಿಕೆಯ ಮೇಲೆ ನಿಂತು, “ಇದರಲ್ಲಿ ಕೇಳುವ ಹಲಗೆಯು ನಮ್ಮ ಅಜ್ಜನದು” ಎಂದು ತಲೆ ಎತ್ತಿ ಹೇಳಿದಳು. ಅಜ್ಜನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದನು. ಆಕೆಯ ತಂದೆಯು ಹಾಡು ಮುಗಿದ ಮೇಲೆ ನನ್ನ ಬಳಿಗೆ ಬಂದು, “ಈಗ ವಾದ್ಯ ತೋರಿಸಿದಿರಿ, ಅಕ್ಕನವರೇ” ಅಂದನು. ಹೋದ ಹಣ ಮರಳಿ ಬರಲಿಲ್ಲ. ಆದರೆ ನನ್ನ ಸಾಲದಲ್ಲಿ ಅಷ್ಟಾದರೂ ತೀರಿತೆಂದುಕೊಂಡೆನು.

ಪೋಷಕರಿಗೆ ಎರಡು ಮಾತು

ಮಗಳು ಹಾಡು ಕಟ್ಟುವೆನೆಂದರೆ ಬೇಡವೆನ್ನಬೇಡಿರಿ, ಕೇಳಿದಷ್ಟನ್ನೂ ಕೊಡಿಸಲೂಬೇಡಿರಿ. ಒಳ್ಳೆಯ ಕಿವಿಚಿಪ್ಪು ಒಂದು, ಸಾಧಾರಣವಾದ ಚಿಕ್ಕ ಕೀಬೋರ್ಡು ಒಂದು, ದಿನಕ್ಕೊಂದು ತಾಸಿನ ಬಿಡುವು, ಇಷ್ಟೇ ಮೊದಲ ವರ್ಷಕ್ಕೆ ಸಾಕು. ಇವುಗಳಲ್ಲಿ ಬಿಡುವೇ ಎಲ್ಲಕ್ಕಿಂತ ದುರ್ಲಭವೆಂದು ನಾನು ಬಲ್ಲೆನು. ಮನೆಗೆಲಸ ಮುಗಿದ ಮೇಲೆ ಎಂದು ಹೇಳಿ ಅದನ್ನು ಕಸಿದುಕೊಳ್ಳಬೇಡಿರಿ. ಇದರಿಂದ ಹೊಟ್ಟೆ ತುಂಬುವದೋ ಎಂದು ಕೇಳಿದರೆ, ತುಂಬಿಯೇ ತೀರುವದೆಂದು ನಾನು ಮಾತು ಕೊಡಲಾರೆನು. ಓದನ್ನು ಬಿಡಿಸಿ ಇದಕ್ಕೆ ಹಚ್ಚಬೇಡಿರಿ.

ಅಭ್ಯಾಸ

ಹೊಸಬರು ಈ ತಿಂಗಳಲ್ಲಿ ಮಾಡತಕ್ಕದ್ದು ಇಷ್ಟು. ಒಂದು, ಎಂಟು ಸಾಲಿನ ಒಂದು ಹಾಡಿಗೆ ಮೂರೇ ದನಿಗಳನ್ನು ಆರಿಸಿ, ಪ್ರತಿಯೊಂದನ್ನು ಏತಕ್ಕೆ ಆರಿಸಿದಿರೆಂದು ಒಂದು ವಾಕ್ಯ ಬರೆಯಿರಿ. ಎರಡು, ನಿಮ್ಮ ಯಂತ್ರದ ಮೆಮರಿಯನ್ನೂ ಖಾಲಿ ಸ್ಥಳವನ್ನೂ ಬರೆದಿಟ್ಟು, ನಿಮಗೆ ಆಸೆಯಾದ ಒಂದು ಸಂಗ್ರಹದ ಬೇಡಿಕೆಯೊಡನೆ ಹೋಲಿಸಿರಿ. ಮೂರು, ನಿಮ್ಮ ಮನೆಯ ಅಥವಾ ಓಣಿಯ ಒಂದು ದನಿಯನ್ನು, ಏಕತಾರಿಯೋ, ಚೌಡಿಕೆಯೋ, ತಾಳವೋ, ಕುಟ್ಟುವ ಒನಕೆಯೋ ಯಾವುದಾದರೂ ಸರಿ, ಹನ್ನೆರಡು ಪೆಟ್ಟುಗಳಲ್ಲಿ ಮುದ್ರಿಸಿರಿ. ನುಡಿಸಿದವರ ಹೆಸರನ್ನೂ ದಿನಾಂಕವನ್ನೂ ಅದರೊಡನೆ ಬರೆದಿಡಿರಿ. ಅವರ ಅಪ್ಪಣೆ ಕೇಳದೆ ಹೊರಗೆ ಹಂಚಬೇಡಿರಿ.

ಮೂರನೆಯ ಅಭ್ಯಾಸವನ್ನು ಮಾಡಿದವರು ಒಂದು ಪ್ರತಿಯನ್ನು ಶಾಲೆಗೆ ಕಳುಹಿಸಿಕೊಟ್ಟರೆ ಸಂಗೀತದ ಕೋಣೆಯ ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಡುವೆವು. ಅಜ್ಜನ 48 ಪೆಟ್ಟುಗಳು ಅಲ್ಲಿ ಈಗಾಗಲೇ ಇರುವವು.

ನಿಮ್ಮ ಹಿತೈಷಿಣಿ,
ಮುಖ್ಯೋಪಾಧ್ಯಾಯಿನಿ